ಶಾವಿಗೆ ಮೋಟಾರಿನ ಆಯಸ್ಕಾಂತ ಕಳವು ಪ್ರಕರಣ

ವಿದ್ಯುತ್ ಮೋಟಾರಿನ ಪಾಠವನ್ನು ನನ್ನ ಹಾಗೆ ಹೇಳುವವರು ಕೊಪ್ಪಳದಿಂದ ಕುಷ್ಟಗಿಯವರೆಗೆ ಇನ್ನೊಬ್ಬರಿಲ್ಲ ಎಂದು ನಾನು ಬಹಳ ವರ್ಷಗಳಿಂದ ನಂಬಿದ್ದೆ. ಹಾಗೆಂದು ಬೇರೆ ಯಾರೂ ಹೇಳಿರಲಿಲ್ಲ. ಹೇಳಲಿ ಎಂದು ನಾನು ಕಾಯಲೂ ಇಲ್ಲ.

ನಾನು ಹೈಸ್ಕೂಲಿನ ವಿಜ್ಞಾನ ಶಿಕ್ಷಕ. ಹತ್ತನೆಯ ತರಗತಿಯಲ್ಲಿ ಮೋಟಾರಿನ ಪಾಠ ಬಂತೆಂದರೆ ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಹೋಗುತ್ತೇನೆ. ಕರಿಹಲಗೆಯ ಎಡಕ್ಕೆ ಒಂದು ಆಯಸ್ಕಾಂತ, ಬಲಕ್ಕೆ ಒಂದು ಆಯಸ್ಕಾಂತ, ನಡುವೆ ತಂತಿಯ ಸುರುಳಿ. ಆಯಸ್ಕಾಂತದಿಂದ ಕಾಂತಕ್ಷೇತ್ರ, ತಂತಿಯಲ್ಲಿ ವಿದ್ಯುತ್ತು, ಎರಡೂ ಸೇರಿದರೆ ತಿರುಗಾಟ. ಇಷ್ಟೇ! ಪರೀಕ್ಷೆಯಲ್ಲಿ ಈ ಚಿತ್ರಕ್ಕೆ ನಾಲ್ಕು ಅಂಕ. ಎರಡು ಆಯಸ್ಕಾಂತ ಬರೆಯದವನಿಗೆ ಸೊನ್ನೆ. ಈ ವಿಷಯದಲ್ಲಿ ನಾನು ಕಟುಕ. ಅದಕ್ಕೆಂದೇ ಒಂದು ಕೆಂಪು ಪೆನ್ನು ಸದಾ ನನ್ನ ಜೇಬಿನಲ್ಲಿರುತ್ತದೆ, ಬೇಸಿಗೆ ರಜೆಯಲ್ಲೂ.

ನಾನು ಈವರೆಗೆ ಕರಿಹಲಗೆಯ ಮೇಲೆ ಬರೆದ ಮೋಟಾರುಗಳನ್ನು ಸಾಲಾಗಿ ಇಟ್ಟರೆ ನಮ್ಮ ಭಾಗ್ಯನಗರದಿಂದ ಗಂಗಾವತಿಯವರೆಗೆ ಮುಟ್ಟೀತು. ಬಿಚ್ಚಿ ನೋಡಿದ್ದು ಮಾತ್ರ ಒಂದನ್ನೂ ಇಲ್ಲ.

ಇನ್ನು ನನ್ನ ಹೆಂಡತಿ ಶಾರದಾ. ನಮ್ಮ ಮನೆಯ ಪಡಸಾಲೆಯಲ್ಲಿ ಅವಳದೊಂದು ಶಾವಿಗೆ ಯಂತ್ರವಿದೆ. ಮೇಲಿನ ಬಟ್ಟಲಿಗೆ ನಾದಿದ ಹಿಟ್ಟು ಹಾಕಿದರೆ ಕೆಳಗಿನ ಜಾಲರಿಯಿಂದ ಶಾವಿಗೆ ಇಳಿಯುತ್ತದೆ. ಅದನ್ನು ಕೋಲಿನ ಮೇಲೆ ಹಿಡಿದು ಮಾಳಿಗೆಯ ಬಿಸಿಲಿಗೆ ಒಯ್ಯುತ್ತಾರೆ. ಬೇಸಿಗೆಯಲ್ಲಿ ಸುತ್ತಲ ಊರುಗಳ ಹೆಂಗಸರೆಲ್ಲ ನಮ್ಮ ಮನೆಯಲ್ಲೇ. ಈ ಉದ್ಯಮದಲ್ಲಿ ನನಗೂ ಒಂದು ಜವಾಬ್ದಾರಿಯುತ ಹುದ್ದೆ ಇದೆ. ಮಾಳಿಗೆಯ ಮೇಲೆ ಕಾಗೆ ಓಡಿಸುವುದು!

ಆ ದಿನ ಬಂದಿದ್ದವಳು ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯ ನೀಲವ್ವ. ಮಗಳ ಮದುವೆಗೆ ವಾರವಷ್ಟೇ ಉಳಿದಿತ್ತು. ಮದುವೆಯ ಪಾಯಸದ ಶಾವಿಗೆ ಎಂದರೆ ಸುಮ್ಮನೆ ಅಲ್ಲ. ಐದು ಜನ ಮುತ್ತೈದೆಯರು ಕೂಡಿ, ಯಂತ್ರಕ್ಕೆ ಕುಂಕುಮ ಹಚ್ಚಿ, ಮೊದಲ ಐದು ಎಳೆ ದೇವರಿಗೆ ತೆಗೆದಿಟ್ಟು ಆಮೇಲೆ ಮುಂದಿನ ಕೆಲಸ. ನೀಲವ್ವ ಊರಿಂದ ಇಬ್ಬರನ್ನು ಕರೆತಂದಿದ್ದಳು. ನಮ್ಮ ಓಣಿಯವರು ಇಬ್ಬರು, ಶಾರದಾ ಐದನೆಯವಳು. ದೊಡ್ಡ ಪರಾತದ ತುಂಬ ಹಿಟ್ಟು ನಾದಿ ಸಿದ್ಧವಾಗಿತ್ತು.

"ಮದುವಿ ಶಾವಿಗಿ ನಡಬರಕ ನಿಲ್ಲಬಾರದವ್ವಾ" ಎಂದಳು ನೀಲವ್ವ. "ಇವತ್ತ ಹಿಡಿದದ್ದು ಇವತ್ತ ಮುಗೀಬೇಕು. ನಿಂತ್ರ ಬೀಗರ ಮನಿಯಾಗ ಏನೇನರ ಅಂತಾರ."

"ನನ್ನ ಮಷಿನ್ ನಿಲ್ಲೂದಿಲ್ಲ. ನಾ ಮಾತು ಕೊಟ್ಟೇನಿ" ಎಂದಳು ಶಾರದಾ.

ಅರ್ಧ ತಾಸಿಗೆ ಯಂತ್ರ ನಿಂತಿತು!

ಪೂರ್ತಿ ಸತ್ತಿರಲಿಲ್ಲ. ಮೋಟಾರು 'ಗುಂಯ್' ಎಂದು ಗುನುಗುತ್ತಿತ್ತು, ತಿರುಗುತ್ತಿರಲಿಲ್ಲ. ಜಾಲರಿಯಿಂದ ಗೇಣುದ್ದ ಇಳಿದ ಶಾವಿಗೆ ಅಲ್ಲೇ ಜೋತುಬಿದ್ದಿತು. ನೀಲವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. ಶಾರದಾ ಸ್ವಿಚ್ ಆರಿಸಿ ಫೋನು ಕೈಗೆತ್ತಿಕೊಂಡಳು.

"ಯಮನೂರಗ ಹೇಳತೇನಿ. ಹೋದ ತಿಂಗಳ ಅವನ ಇದರ ವೈಂಡಿಂಗ್ ಮಾಡ್ಯಾನ."

ಯಮನೂರ ಎಂದರೆ ಕೊಪ್ಪಳ ರಸ್ತೆಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟವನು. ಒಂದು ಕಾಲಕ್ಕೆ ನನ್ನದೇ ವಿದ್ಯಾರ್ಥಿ. ವಿಜ್ಞಾನದಲ್ಲಿ ಅಂಥ ಹೇಳಿಕೊಳ್ಳುವ ಹುಡುಗನೇನೂ ಆಗಿರಲಿಲ್ಲ. ಅವನನ್ನು ಕರೆಯುವುದೇ? ಅದೂ ನಾನು ಮನೆಯಲ್ಲಿರುವಾಗ?

"ಶಾರದಾ, ಫೋನ್ ಇಡು. ಮೋಟಾರಿನ ತತ್ತ್ವ ನನಗ ಗೊತ್ತೈತಿ" ಎಂದೆ.

"ತತ್ತ್ವ ಬ್ಯಾಡ್ರಿ. ಶಾವಿಗಿ ಬೇಕು."

ಆದರೆ ನೀಲವ್ವನ ಮುಖದಲ್ಲಿ ಭರವಸೆ ಮೂಡಿತ್ತು. "ಸರ್ ಅದಾರಲ್ಲವ್ವಾ, ಓದಿದವರು, ನೋಡ್ಲಿ ಬಿಡು" ಎಂದಳು. ಪಾಪ, ಆ ಮಾತಿಗೆ ಅವಳು ಆಮೇಲೆ ಬಹಳ ಪಶ್ಚಾತ್ತಾಪ ಪಟ್ಟಳು.

ನಾನು ಪ್ಲಗ್ಗು ಕಿತ್ತು, ಸ್ಕ್ರೂಡ್ರೈವರು ಹಿಡಿದು ಮೋಟಾರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಐವರು ಮುತ್ತೈದೆಯರು ಸುತ್ತ ನಿಂತರು. ತರಗತಿ ತುಂಬಿದ ಹಾಗಾಯಿತು. ನನಗೆ ಉತ್ಸಾಹ ಬಂತು.

"ನೋಡ್ರವಾ, ಗುನುಗತೈತಿ ಅಂದ್ರ ಕರೆಂಟ್ ಬರಾಕತ್ತೈತಿ. ತಿರುಗಾಕ ಕರೆಂಟಿನ ಸಂಗಾಟ ಕಾಂತಕ್ಷೇತ್ರ ಬೇಕು. ತಿರುಗವಲ್ದು ಅಂದ್ರ ಕಾಂತಕ್ಷೇತ್ರ ಇಲ್ಲ. ಅಂದ್ರ ಒಳಗಿನ ಆಯಸ್ಕಾಂತಕ್ಕ ಏನೋ ಆಗೈತಿ!"

ಯಾವ ಪರೀಕ್ಷೆಯಲ್ಲಾದರೂ ಪೂರ್ತಿ ಅಂಕ ಸಿಗುವ ಉತ್ತರ. ಮುಚ್ಚಳ ಬಿಚ್ಚಿದೆ. ಒಳಗೆ ನೋಡಿದೆ. ಚಷ್ಮಾ ಒರೆಸಿಕೊಂಡು ಮತ್ತೆ ನೋಡಿದೆ.

ಆಯಸ್ಕಾಂತ ಇರಲಿಲ್ಲ!

ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಸುತ್ತಲೂ ತಗಡಿನ ಪದರಗಳ ಸಂದಿಯಲ್ಲಿ ಬರೀ ತಾಮ್ರದ ತಂತಿ. ನಡುವಿನಲ್ಲಿ ತಿರುಗಬೇಕಾದ ಸುರುಳಿಯ ಜಾಗದಲ್ಲಿ ಒಂದು ಕಬ್ಬಿಣದ ಗುಂಡು. ಅದಕ್ಕೆ ಒಂದು ಎಳೆ ತಂತಿಯನ್ನೂ ಸುತ್ತಿರಲಿಲ್ಲ. ಶಾರದಾಳ ಸೀರೆಯ ಪಿನ್ನು ಇಸಿದುಕೊಂಡು ಒಳಗೆಲ್ಲ ಮುಟ್ಟಿಸಿದೆ. ಎಲ್ಲಿಯೂ ಅಂಟಲಿಲ್ಲ. ಯಂತ್ರದ ಕೆಳಗೆ ಬಗ್ಗಿ ನೋಡಿದೆ. ಪರಾತ ಎತ್ತಿಸಿ ನೋಡಿದೆ.

"ಏನಾತ್ರಿ?" ಎಂದಳು ಶಾರದಾ.

"ಕಳವಾಗೈತಿ" ಎಂದೆ. "ಎರಡೂ ಆಯಸ್ಕಾಂತ ಕದ್ದಾರ. ಈ ಮೋಟಾರ್ ಕಡೀಕ ಬಿಚ್ಚಿದವ ಯಾರು?"

 ಉತ್ತರ ಎಲ್ಲರಿಗೂ ಗೊತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಗವಿಸಿದ್ದಪ್ಪ ಬಂದರು. ನಿವೃತ್ತ ಗ್ರಾಮಲೆಕ್ಕಿಗರು. ಎಲ್ಲಿ ನಾಲ್ಕು ಜನ ಕೂಡಿದರೂ ಐದನೆಯವರಾಗಿ ಹಾಜರಾಗುವುದು ಅವರ ವಾಡಿಕೆ. ಅವರು ಮೋಟಾರಿನೊಳಗೆ ಇಣುಕಿ, ನಾಲಿಗೆ ಲೊಚಗುಟ್ಟಿದರು.

"ಮಾಸ್ತರ, ಇದು ಸಣ್ಣ ಕೆಲಸ ಅಲ್ರಿ. ಗಂಗಾವತಿ, ಕಾರಟಗಿ ಕಡೆ ರೈಸ್ ಮಿಲ್ಲಿನ್ಯಾಗ ಅಕ್ಕ್ಯಾಗಿನ ಮೊಳಿ ಹಿಡ್ಯಾಕ ಮ್ಯಾಗ್ನೆಟ್ ಬೇಕ ಬೇಕು. ಭಾಳ ಗಿರಾಕಿ ಅದಕ್ಕ. ಇಲ್ಲಿ ತಗೊಂಡು ಅಲ್ಲಿ ಕೊಡೂದು! ನಮ್ಮ ಕೂಲರನೂ ಅವನ ರಿಪೇರಿ ಮಾಡ್ಯಾನಲ್ಲಾ?"

ಕೂಲರು ತರಿಸಿ ಬಿಚ್ಚಿದೆವು. ಆಯಸ್ಕಾಂತ ಇಲ್ಲ!

ನಮ್ಮ ಮಿಕ್ಸರು ಬಿಚ್ಚಿದೆವು. ಅದನ್ನೂ ಅವನೇ ಒಮ್ಮೆ ದುರಸ್ತಿ ಮಾಡಿದ್ದ. ಅದರಲ್ಲೂ ಇಲ್ಲ! ಅಲ್ಲಿ ಪಾಠದಲ್ಲಿರುವಂತೆ ನಡುವೆ ಸುರುಳಿಯೇನೋ ಇತ್ತು, ಆದರೆ ಎರಡು ಕಡೆಯ ಆಯಸ್ಕಾಂತ ಇರಬೇಕಾದಲ್ಲಿ ಮತ್ತೆ ಅದೇ ತಾಮ್ರದ ತಂತಿ. ಅಂದರೆ ಆಯಸ್ಕಾಂತ ಕಿತ್ತುಕೊಂಡು, ಗುರುತು ಸಿಗಬಾರದೆಂದು ತಂತಿ ತುರುಕಿದ್ದಾನೆ. ಎಂಥ ಚಾಣಾಕ್ಷತನ! ಒಂದು ಕ್ಷಣ ನನ್ನ ವಿದ್ಯಾರ್ಥಿಯ ಬಗ್ಗೆ ಹೆಮ್ಮೆಯೂ ಆಯಿತು.

ಸುದ್ದಿ ಓಣಿಯಲ್ಲಿ ಹಬ್ಬಿತು. ಎದುರು ಮನೆಯ ಹನುಮಕ್ಕ ಟೇಬಲ್ ಫ್ಯಾನು ಹೊತ್ತುಕೊಂಡೇ ಬಂದಳು. ಬಿಚ್ಚಿದೆ. ಇಲ್ಲ!

"ಇದನ್ನ ಯಾವಾಗ ಯಮನೂರ ರಿಪೇರಿ ಮಾಡಿದ್ದ?" ಎಂದು ಗವಿಸಿದ್ದಪ್ಪ ಗಂಭೀರವಾಗಿ ಕೇಳಿದರು.

"ಇಲ್ರಿ, ಇದು ಹೊಸದು. ನಿನ್ನೆ ಅಷ್ಟ ತಂದೇವಿ. ಡಬ್ಬಿ ಒಡದದ್ದ ಈಗ."

ಇಲ್ಲಿ ಯಾರಾದರೂ ಒಂದು ಕ್ಷಣ ನಿಂತು ಯೋಚಿಸಬೇಕಿತ್ತು. ನಾನೂ ಯೋಚಿಸಿದೆ. ಯೋಚಿಸಿ ಹೇಳಿದೆ: "ಅಂದ್ರ ಅವನ ಕೈ ಕಾರ್ಖಾನಿತನಕಾನೂ ಹೋಗೈತಿ!"

ಗವಿಸಿದ್ದಪ್ಪ ಕುರ್ಚಿ ಎಳೆದುಕೊಂಡು ಕೂತರು. ಇನ್ನು ಪಂಚನಾಮೆ ಆಗಲೇಬೇಕು ಎಂದರು. ಸೇವೆಯಲ್ಲಿದ್ದಾಗ ಅವರು ಬಿದ್ದ ಮರ, ಒಡೆದ ಗೋಡೆ ಎಲ್ಲದಕ್ಕೂ ಪಂಚನಾಮೆ ಬರೆದವರು. ನಿವೃತ್ತಿಯ ನಂತರ ಕೈ ತುರಿಸುತ್ತಿತ್ತು. ನನ್ನ ನೋಟುಪುಸ್ತಕದ ಹಾಳೆ ಹರಿದುಕೊಂಡು ಶುರುಮಾಡಿದರು: 'ಈ ದಿವಸ ಪಂಚರ ಸಮಕ್ಷಮ ಮೇಲ್ಕಂಡ ಶಾವಿಗೆ ಮೋಟಾರನ್ನು ಪರಿಶೀಲಿಸಲಾಗಿ, ಸದರಿ ಮೋಟಾರಿನ ಗರ್ಭದಲ್ಲಿ ಇರತಕ್ಕ ಆಯಸ್ಕಾಂತ ನಗ ಎರಡು ಕಂಡುಬಂದಿರುವುದಿಲ್ಲ...'

"ಪಂಚರು ಬೇಕಲ್ರಿ ಐದು ಮಂದಿ" ಎಂದರು.

ಐದು ಮಂದಿ ಎದುರಿಗೇ ಇದ್ದರು. ಮದುವೆಯ ಶಾವಿಗೆಗೆಂದು ಬಂದ ಮುತ್ತೈದೆಯರು! ನಾಲ್ವರು ಹಿಟ್ಟಿನ ಕೈಯಲ್ಲೇ ಹೆಬ್ಬೆಟ್ಟು ಒತ್ತಿದರು. ಶಾರದಾ ಮಾತ್ರ ಒತ್ತಲಿಲ್ಲ. "ಹಿಟ್ಟು ಹುಳಿ ಆಗಾಕತ್ತೈತ್ರಿ" ಎಂದಳು. ಅವಳ ದನಿ ಬಹಳ ಶಾಂತವಾಗಿತ್ತು. ನನ್ನ ಮದುವೆಯಾದಾಗಿನಿಂದ ಆ ದನಿಯನ್ನು ನಾನು ಬಲ್ಲೆ.

ನೀಲವ್ವ ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. "ನಡಬರಕ ನಿಂತತವ್ವಾ... ನನ್ನ ಮಗಳ ಮದುವಿ ಶಾವಿಗಿ ನಡಬರಕ ನಿಂತತು..."  ಕಳ್ಳನನ್ನು ಆಮೇಲೆ ಹಿಡಿದರಾಯಿತು. ಮೊದಲು ಈ ತಾಯಿಯ ಶಾವಿಗೆ ಇಳಿಯಬೇಕು.

ಆಗ ನೆನಪಾಯಿತು. ಶಾಲೆಯ ಪ್ರಯೋಗಾಲಯದ ಎರಡು ಆಯಸ್ಕಾಂತದ ಪಟ್ಟಿಗಳು ನನ್ನ ಕಪಾಟಿನಲ್ಲಿದ್ದವು! ಬೇಸಿಗೆಯಲ್ಲಿ ಧೂಳು ಹಿಡಿದಾವೆಂದು ಮನೆಗೆ ತಂದಿಟ್ಟಿದ್ದೆ. ಮೋಟಾರಿನೊಳಗೆ ಅವು ಹಿಡಿಸಲಿಲ್ಲ. ಒಳಗೆ ಬೆರಳು ತೂರಿಸುವಷ್ಟೂ ಸಂದಿ ಬಿಟ್ಟಿರಲಿಲ್ಲ. ಅಡ್ಡಿಯಿಲ್ಲ, ಕಾಂತಕ್ಷೇತ್ರ ಗೋಡೆಯಾಚೆಗೂ ಹಾಯುತ್ತದೆ, ಅದನ್ನೂ ನಾನೇ ಪಾಠ ಹೇಳಿದ್ದೇನೆ. ಮುಚ್ಚಳ ಹಾಕಿ ಬಿಗಿದೆ. ಒಂದು ಸಣ್ಣ ಸ್ಕ್ರೂ ಉಳಿಯಿತು. ಕಂಪನಿಯವರು ಮುಂಜಾಗ್ರತೆಗೆ ಒಂದು ಹೆಚ್ಚಿಗೆ ಕೊಟ್ಟಿರಬೇಕೆಂದು ಮೋಟಾರಿನ ಪಕ್ಕದ ಸ್ಟೂಲಿನ ಮೇಲಿಟ್ಟೆ. ಮೋಟಾರಿನ ಹೊರಮೈಗೆ ಎಡಕ್ಕೊಂದು, ಬಲಕ್ಕೊಂದು ಆಯಸ್ಕಾಂತ ಇಟ್ಟೆ. ಎರಡೂ ಟಪ್ಪೆಂದು ಕಚ್ಚಿಕೊಂಡವು. ಕರಿಹಲಗೆಯ ಮೇಲಿನ ನನ್ನ ಚಿತ್ರ ಜೀವ ತಳೆದು ಪಡಸಾಲೆಯಲ್ಲಿ ಕೂತ ಹಾಗಿತ್ತು.

ಸ್ವಿಚ್ ಹಾಕಿದೆ. ಗುಂಯ್!

"ತುಸು ಕೈ ಹಚ್ಚಬೇಕಾಗತೈತಿ" ಎಂದು ಬೆಲ್ಟು ಹಿಡಿದು ನನ್ನ ಕಡೆಗೆ ಜೋರಾಗಿ ಎಳೆದೆ.

ಮೋಟಾರು ತಿರುಗಿತು!

"ನೋಡ್ರಿ!" ಎಂದು ಕೂಗಿದೆ. "ಆಯಸ್ಕಾಂತ!" ಗವಿಸಿದ್ದಪ್ಪ ಚಪ್ಪಾಳೆ ತಟ್ಟಿದರು. ನೀಲವ್ವ ಎದ್ದು ನನ್ನ ಕಾಲಿಗೆ ಬೀಳಲು ಬಂದಳು. ಜೀವನದಲ್ಲಿ ವಿಜ್ಞಾನಕ್ಕೆ ಅಷ್ಟು ಗೌರವ ಸಿಕ್ಕಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಆ ಗೌರವ ಎಣಿಸಿ ಹತ್ತು ಸೆಕೆಂಡು ಉಳಿಯಿತು.

ಏಕೆಂದರೆ ಜಾಲರಿಯಿಂದ ಜೋತುಬಿದ್ದಿದ್ದ ಗೇಣುದ್ದದ ಶಾವಿಗೆ ನಿಧಾನವಾಗಿ ಮೇಲಕ್ಕೆ ಸರಿಯತೊಡಗಿತು. ಚೋಟುದ್ದವಾಯಿತು. ಬೆರಳುದ್ದವಾಯಿತು. ಮಾಯವಾಯಿತು! ನಾವೆಲ್ಲ ಬಾಯಿ ತೆರೆದು ಜಾಲರಿಯನ್ನೇ ನೋಡುತ್ತಿದ್ದಾಗ ಮೇಲಿನ ಬಟ್ಟಲಿನಿಂದ ಹಿಟ್ಟು ಹೊರಗೆ ತಲೆ ಹಾಕಿತು. ಮೊಳದೆತ್ತರ ಎದ್ದು ನಿಂತಿತು. ಆಮೇಲೆ ಬಾಗಿ ಗವಿಸಿದ್ದಪ್ಪನವರ ತೊಡೆಯ ಮೇಲೆ, ಪಂಚನಾಮೆಯ ಸಮೇತ, ಧೊಪ್ಪನೆ ಬಿದ್ದಿತು.

"ಅಯ್ಯಯ್ಯೋ, ಮದುವಿ ಶಾವಿಗಿ ಹೊಳ್ಳಿ ಹೊಂಟತವ್ವೋ!" ಎಂದು ನೀಲವ್ವ ಕಿರುಚಿದಳು. ಶಾವಿಗೆ ನಿಂತರೆ ಅಪಶಕುನ ಎಂದು ಅವಳಿಗೆ ಗೊತ್ತಿತ್ತು. ಹಿಂದಕ್ಕೆ ಹೋದರೆ ಏನು ಎಂದು ಅವಳ ಅಜ್ಜಿಯೂ ಹೇಳಿರಲಿಕ್ಕಿಲ್ಲ.

ನಾನು ಆಯಸ್ಕಾಂತ ಕಿತ್ತರೆ ನಿಂತೀತೆಂದು ಗಾಬರಿಯಲ್ಲಿ ಎರಡನ್ನೂ ಕಿತ್ತೆ. ಒಂದು ಸ್ಟೂಲಿನ ಮೇಲೆ ಬಿತ್ತು, ಮತ್ತೆ ಬಾಚಿ ಜೇಬಿಗೆ ಹಾಕಿಕೊಂಡೆ. ಇನ್ನೊಂದು ಕೈಯಲ್ಲೇ ಉಳಿಯಿತು. ಮೋಟಾರು ನಿಲ್ಲಲಿಲ್ಲ! ಆಯಸ್ಕಾಂತ ಇಲ್ಲದೆಯೂ ಅಷ್ಟೇ ಖುಷಿಯಿಂದ ತಿರುಗುತ್ತಿತ್ತು. ಅದು ನನ್ನ ಮುಖಕ್ಕೇ ನಗುತ್ತಿದೆ ಅನ್ನಿಸಿತು. ಯಾರೋ ಸ್ವಿಚ್ ಆರಿಸಿದರು.

ಬಾಗಿಲ ಬಳಿ ಯಮನೂರ ನಿಂತಿದ್ದ. ಸ್ವಿಚ್ ಆರಿಸಿದ್ದು ಅವನೇ.

"ನೀ... ನೀ ಯಾವಾಗ ಬಂದಿ?" ಎಂದೆ.

"ಆಗಳೇ ಬಂದೇನ್ರಿ ಸರ್. ಅಕ್ಕಾರು ಫೋನ್ ಮಾಡಿದ್ರು. ಪಂಚನಾಮಿ ಬರಿಯಾಕತ್ತಿದ್ರಲ್ರಿ, ನಡುವ ಬಾಯಿ ಹಾಕಬಾರದಂತ ನಿಂತೆ."

ಶಾರದಾಳ ಕಡೆ ನೋಡಿದೆ. ನಾನು ಸ್ಕ್ರೂಡ್ರೈವರು ಹುಡುಕಲು ಹೋದಾಗಲೇ ಅವಳು ಮಾತಾಡಿ ಮುಗಿಸಿದ್ದಳಂತೆ.

ಯಮನೂರ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವನು ಹನುಮಕ್ಕನ ಬಿಚ್ಚಿದ ಫ್ಯಾನಿನ ಮುಂದೆ ಕೂತು, ಶಾರದಾಳ ಪಿನ್ನು ಇಸಿದುಕೊಂಡ. ತಂತಿ ಸುತ್ತಿದ ಕಬ್ಬಿಣಕ್ಕೆ ಅದನ್ನು ಮುಟ್ಟಿಸಿದ. ಅಂಟಲಿಲ್ಲ. ಪಿನ್ನನ್ನು ಅಲ್ಲೇ ಇಟ್ಟು, ಒಂದೇ ಒಂದು ಕ್ಷಣ ಕರೆಂಟು ಕೊಟ್ಟ. ಪಿನ್ನು ಟಿರ್ರೆಂದು ನಡುಗುತ್ತ ಕಬ್ಬಿಣವನ್ನು ಕಚ್ಚಿಕೊಂಡಿತು. ಆರಿಸಿದ. ಬಿದ್ದಿತು.

"ಇದರಾಗ ಮ್ಯಾಗ್ನೆಟ್ ಇಡೂದಿಲ್ರಿ ಸರ್. ಕರೆಂಟ್ ಬಂದ್ರ ಈ ತಂತೀನ ಮ್ಯಾಗ್ನೆಟ್. ಹೋದ್ರ ಬರೇ ತಂತಿ. ಕರೆಂಟ್ ಹ್ಯಾಂಗ ಬದಲಾಕ್ಕೋತ ಹೊಕ್ಕೈತೋ ಹಂಗ ಆ ಮ್ಯಾಗ್ನೆಟ್ ಜಾಗ ಬದಲಿ ಮಾಡಕೋತ ಸುತ್ತ ತಿರುಗತೈತಿ. ನಡುವಿನ ಗುಂಡಿಗೆ ನಾವು ಕರೆಂಟ್ ಕೊಡೂದಿಲ್ಲ. ಸುತ್ತ ತಿರುಗೂ ಮ್ಯಾಗ್ನೆಟ್‌ನಿಂದ ಅದರಾಗ ತಾನ ಕರೆಂಟ್ ಹುಟ್ಟತೈತಿ, ಅದೂ ಒಂದು ಮ್ಯಾಗ್ನೆಟ್ ಆಗಿ ಬೆನ್ನತ್ತಿ ತಿರುಗತೈತಿ."

 ಮೊಳೆಗೆ ತಂತಿ ಸುತ್ತಿ ಕರೆಂಟು ಹಾಯಿಸಿದರೆ ಅದು ಆಯಸ್ಕಾಂತವಾಗುತ್ತದೆ ಎಂದು ಪ್ರತಿ ವರ್ಷ ನಾನೇ ಮಾಡಿ ತೋರಿಸುತ್ತೇನೆ. ಮೋಟಾರಿನ ಪಾಠಕ್ಕೆ ಸ್ವಲ್ಪ ಮುಂಚೆ ಬರುವ ಪಾಠ ಅದು. ಎರಡರ ನಡುವೆ ಒಂದು ರವಿವಾರ ಬರುತ್ತದೆ. ಆ ರವಿವಾರ ನಾನು ಎಲ್ಲ ಮರೆಯುತ್ತಿದ್ದೆನೆಂದು ಕಾಣುತ್ತದೆ.

"ಮತ್ತ ನಿಂತಿದ್ಯಾಕ?" ಎಂದಳು ಶಾರದಾ.

ಯಮನೂರ ಮೋಟಾರಿನ ಬೆನ್ನ ಮೇಲಿನ ಹೆಬ್ಬೆರಳಿನಷ್ಟು ದಪ್ಪದ ಒಂದು ಡಬ್ಬಿ ಕಿತ್ತು ತೋರಿಸಿದ. "ಈ ಕಂಡೆನ್ಸರ್ ಹೋಗೈತ್ರಿ ಅಕ್ಕಾರ. ಮೋಟಾರ್ ಎದ್ದು ಯಾ ಕಡೆ ತಿರುಗಬೇಕಂತ ಹೇಳೂದು ಇದ. ಇದು ಇಲ್ಲಂದ್ರ ಗುಂಯ್ ಅಂತ ಕುಂತಬಿಡತೈತಿ. ಕೈಲೆ ಯಾ ಕಡೆ ದೂಡಿದ್ರ ಆ ಕಡೆ ಓಡತೈತಿ. ಸರ್ ಉಲ್ಟಾ ದೂಡ್ಯಾರ."

ಐದು ನಿಮಿಷದಲ್ಲಿ ಹೊಸದನ್ನು ಹಾಕಿದ. ಸ್ವಿಚ್ ಒತ್ತಿದ. ಶಾವಿಗೆ ಎಂದಿನಂತೆ ಕೆಳಗಿಳಿಯಿತು. ಹಿಟ್ಟು ಇನ್ನೂ ಹುಳಿಯಾಗಿರಲಿಲ್ಲ. ಗವಿಸಿದ್ದಪ್ಪನವರ ತೊಡೆಯ ಮೇಲಿನದನ್ನು ಎಮ್ಮೆಗೆ ಇಟ್ಟು, ಉಳಿದದ್ದರಿಂದ ಕೆಲಸ ಸಾಗಿತು. ನೀಲವ್ವ ಯಮನೂರನ ಕೈ ಹಿಡಿದುಕೊಂಡು, "ಪುಣ್ಯಾತ್ಮ, ಎಷ್ಟ ಛಲೋ ಕಲತೀಯಪಾ! ಯಾರು ಕಲಿಸ್ಯಾರ ನಿನಗ?" ಎಂದಳು.

"ನಮ್ಮ ಅಪ್ಪ ರೀ. ಅವರದೂ ಇದ ಅಂಗಡಿ. ಸಾಲ್ಯಾಗ ನಮಗ ಈ ಸರ್ ಇದ್ರು. ಪರೀಕ್ಷಾದಾಗ ಮೋಟಾರಿನ ಚಿತ್ರ ಕೇಳಿದ್ರು. ನಾ ಅಪ್ಪನ ಅಂಗಡ್ಯಾಗ ನೋಡಿದ್ದನ್ನ ತಗದಿದ್ದೆ, ಸುತ್ತೆಲ್ಲ ತಂತಿ, ನಡುವ ಗುಂಡು. ಸರ್ ಸೊನ್ನಿ ಕೊಟ್ಟು, ಕೆಂಪು ಪೆನ್ನಿಲೆ ಬಾಜೂಕ ಬರದಿದ್ರು."

"ಏನಂತ ಬರದಿದ್ರು?" ಎಂದಳು ಶಾರದಾ.

"'ಆಯಸ್ಕಾಂತ ಎಲ್ಲಿ?' ಅಂತ್ರಿ."

 ನನಗೆ ನಾಚಿಕೆಯಾಯಿತು. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ಆಯಿತು. ಎಷ್ಟು ವರ್ಷ, ಎಷ್ಟು ಉತ್ತರಪತ್ರಿಕೆ! ಅವುಗಳಲ್ಲಿ ಎಷ್ಟು ಜನ ಕಣ್ಣಾರೆ ಕಂಡದ್ದನ್ನು ಬರೆದು ನನ್ನಿಂದ ಸೊನ್ನೆ ತಿಂದರೋ.

ಮಧ್ಯಾಹ್ನದವರೆಗೆ ಯಮನೂರ ಕೂಲರು, ಮಿಕ್ಸರು, ಫ್ಯಾನು ಎಲ್ಲ ಜೋಡಿಸಿದ. ನಾನು ಸ್ಕ್ರೂ ಎತ್ತಿ ಎತ್ತಿ ಕೊಡುವ ಕೆಲಸ ಮಾಡಿದೆ. ಕೊನೆಗೆ ಶಾವಿಗೆಯ ಮೋಟಾರಿನ ಮುಂದೆ ಕೂತು ಅವನು ಬೆರಳು ಮಡಚಿ ಎಣಿಸಿದ.

"ಸರ್, ಇದರದ ಒಂದು ಸಣ್ಣ ಸ್ಕ್ರೂ ಕಡಿಮಿ ಬರತೈತಲ್ರಿ?"

ಸ್ಟೂಲಿನ ಮೇಲೆ ನೋಡಿದೆ. ಇಲ್ಲ. ಕೆಳಗೆ ನೋಡಿದೆ. ಇಲ್ಲ. ಆಮೇಲೆ ಒಬ್ಬೊಬ್ಬರ ಕಣ್ಣೂ ನಿಧಾನವಾಗಿ ಯಂತ್ರದ ಬಟ್ಟಲಿನ ಕಡೆ ತಿರುಗಿದವು. ಹಿಟ್ಟು!

ನೀಲವ್ವ ಈ ಸಲ ಅಳಲಿಲ್ಲ. ಅವಳಿಗೆ ಅಳು ತೀರಿಹೋಗಿತ್ತು. "ಪಾಯಸದಾಗ ಬೀಗರ ಹಲ್ಲಿಗೆ ಸ್ಕ್ರೂ ಬಂದ್ರ ನಾ ಏನಂತ ಹೇಳ್ಲಿ ಸರ್?" ಎಂದಳು.  ನನ್ನ ಹತ್ತಿರ ಒಂದು ಉಪಾಯ ಇತ್ತು! ರೈಸ್ ಮಿಲ್ಲಿನಲ್ಲಿ ಅಕ್ಕಿಯೊಳಗಿನ ಮೊಳೆಯನ್ನು ಯಾವುದರಿಂದ ಹಿಡಿಯುತ್ತಾರೆ? ಆಯಸ್ಕಾಂತದಿಂದ! ಅಂತೂ ಈ ದಿನ ಆಯಸ್ಕಾಂತಕ್ಕೆ ಒಂದು ಕೆಲಸ ಸಿಕ್ಕಿತು.

ಕೈಯಲ್ಲಿ ಒಂದು ಆಯಸ್ಕಾಂತ ಹಿಡಿದು ಮಾಳಿಗೆ ಹತ್ತಿದೆ. ಉರಿಬಿಸಿಲು. ಕೋಲುಗಳ ಮೇಲೆ ಸಾಲುಸಾಲಾಗಿ ಶಾವಿಗೆ. ಮೊದಲ ಕೋಲಿನ ಮೊದಲ ಎಳೆಯಿಂದ ಶುರುಮಾಡಿ, ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಆಯಸ್ಕಾಂತ ಆಡಿಸುತ್ತ ಹೋದೆ. ತಲೆಯ ಮೇಲೆ ಒದ್ದೆ ಟವೆಲು. ಪಕ್ಕದ ಮಾಳಿಗೆಯ ಮೇಲೆ ಕಾಗೆಗಳು ಕೂತು ನೋಡುತ್ತಿದ್ದವು. ಓಡಿಸುವಷ್ಟು ಧೈರ್ಯ ನನಗಿರಲಿಲ್ಲ. ಎಲ್ಲ ಎಳೆಗಳನ್ನೂ ಒಂದು ಸುತ್ತು ಮುಗಿಸಿದೆ. ಸ್ಕ್ರೂ ಸಿಗಲಿಲ್ಲ. ಎರಡನೆಯ ಸುತ್ತು ಶುರುಮಾಡಿದೆ. ಓಣಿಯ ಹೆಂಗಸರು ಕೆಳಗೆ ನಿಂತು ತಲೆ ಎತ್ತಿ ನೋಡುತ್ತಿದ್ದರು. ಹನುಮಕ್ಕ ಯಾರಿಗೋ ಹೇಳುತ್ತಿದ್ದಳು: "ಶಾವಿಗಿಗೆ ಮಂತ್ರ ಹಾಕಾಕತ್ತಾರವ್ವಾ."

ಶಾರದಾ, ನೀಲವ್ವ, ಯಮನೂರ ಮೂವರೂ ಮೇಲೆ ಬಂದರು. ಯಮನೂರ ನನ್ನ ಕೈಯಲ್ಲಿದ್ದ ಒಂದೇ ಆಯಸ್ಕಾಂತವನ್ನು ನೋಡಿದ. ಆಮೇಲೆ ಬಹಳ ವಿನಯದಿಂದ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ ಕೇಳಿದ:

"ಸರ್, ಇನ್ನೊಂದು ಆಯಸ್ಕಾಂತ ಎಲ್ಲಿ?"

ನಾನು ಜೇಬಿಗೆ ಕೈ ಹಾಕಿದೆ. ಕೆಂಪು ಪೆನ್ನಿನ ಪಕ್ಕದಲ್ಲೇ ಇತ್ತು. ಹೊರಗೆ ತೆಗೆದೆ. ಅದರ ತುದಿಗೆ ಆ ಸಣ್ಣ ಸ್ಕ್ರೂ ಗಟ್ಟಿಯಾಗಿ ಅಂಟಿಕೊಂಡಿತ್ತು.

ನೀಲವ್ವ ಆಕಾಶಕ್ಕೆ ಕೈ ಮುಗಿದಳು. ಯಮನೂರನನ್ನು ಮದುವೆಗೆ ತಪ್ಪದೆ ಬರಬೇಕೆಂದು ಕರೆದಳು. "ನೀವೂ ಬರ್ರಿ ಸರ್" ಎಂದು ನನ್ನನ್ನೂ ಕರೆದಳು. "ಬಂದು ಉಂಡು ಹೋಗ್ರಿ. ಅಲ್ಲಿ ಫ್ಯಾನ್ ಗೀನ್ ಮುಟ್ಟಬ್ಯಾಡ್ರಿ."

ನಾನು ಕೆಂಪು ಪೆನ್ನು ತೆಗೆದು ಯಮನೂರನ ಕೈಗೆ ಕೊಟ್ಟೆ. ಅವನು ಸಂಕೋಚದಿಂದ ಕೈ ಹಿಂದಕ್ಕೆ ಕಟ್ಟಿಕೊಂಡ. ಶಾರದಾ ಇಸಿದುಕೊಂಡಳು.

ಹಿಟ್ಟು ಹತ್ತಿದ ಆ ಪಂಚನಾಮೆ ಈಗಲೂ ಶಾವಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿದೆ. ನಾಲ್ಕು ಹೆಬ್ಬೆಟ್ಟುಗಳ ಕೆಳಗೆ, ಕೆಂಪು ಅಕ್ಷರದಲ್ಲಿ, ನನ್ನ ಹೆಸರಿನ ಮುಂದೆ ನಾಲ್ಕಕ್ಕೆ ಸೊನ್ನೆ ಎಂದು ಬರೆದಿದೆ. ಮರುಮೌಲ್ಯಮಾಪನಕ್ಕೆ ನಾನು ಅರ್ಜಿ ಹಾಕಿಲ್ಲ.